ಕಾಗದದಲ್ಲಿ ಸರಕು, ಕಂಟೇನರಿನಲ್ಲಿ ಕಸ: ಗಡಿ ದಾಟುವ ಪರಿಸರ ಅಪರಾಧ ಮತ್ತು ಆಮದುದಾರನ ಹೊಣೆ

2018ರ ಮಳೆಗಾಲದ ಮಾತು. ರಟ್ಟಿನ ಪೆಟ್ಟಿಗೆಗಳಿಗೆ ಬೇಕಾದ ಕ್ರಾಫ್ಟ್ ಕಾಗದವನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮಾಲೀಕರು, ನನ್ನ ಬಹುಕಾಲದ ಕಕ್ಷಿದಾರರು, ಒಂದು ಶನಿವಾರ ಮಧ್ಯಾಹ್ನ ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಐದಾರು ಛಾಯಾಚಿತ್ರಗಳನ್ನು ಹರಡಿದರು. ಯೂರೋಪಿನ ಬಂದರೊಂದರಿಂದ ಅವರ ಹೆಸರಿಗೆ ಎರಡು ಕಂಟೇನರುಗಳು ಬಂದಿದ್ದವು. ಇನ್‌ವಾಯ್ಸಿನಲ್ಲಿ ನಮೂದಾಗಿದ್ದುದು ಮರುಬಳಕೆಗೆ ಯೋಗ್ಯವಾದ ರದ್ದಿ ಕಾಗದ. ಕಸ್ಟಮ್ಸ್ ಅಧಿಕಾರಿಗಳು ಬಾಗಿಲು ತೆರೆಸಿದಾಗ ಮುಂದಿನ ಎರಡು ಸಾಲು ಬೇಲುಗಳು ಕಾಗದವೇ ಆಗಿದ್ದವು. ಅವುಗಳ ಹಿಂದೆ ಇದ್ದುದು ಒತ್ತಿ ಕಟ್ಟಿದ ಮನೆಯ ಕಸ: ಮಕ್ಕಳ ಡೈಪರು, ಅಡುಗೆಮನೆಯ ಉಳಿಕೆ, ಔಷಧಿಯ ಬಾಟಲಿ, ಹರಿದ ಪ್ಲಾಸ್ಟಿಕ್ ಚೀಲ. ತಳದಿಂದ ಕಪ್ಪುನೀರು ಸೋರುತ್ತಿತ್ತು.

"ಇದರಲ್ಲಿ ನನ್ನ ತಪ್ಪೇನು ಸ್ವಾಮಿ? ನಾನು ಕೇಳಿದ್ದು ಕಾಗದ, ಹಣ ಕೊಟ್ಟದ್ದೂ ಕಾಗದಕ್ಕೆ" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಅದೇ ಸರಬರಾಜುದಾರನ ಹಿಂದಿನ ವರ್ಷದ ಇನ್‌ವಾಯ್ಸುಗಳನ್ನು ಲೆಕ್ಕಪರಿಶೋಧನೆಯ ಸಮಯದಲ್ಲಿ ನಾನೇ ನೋಡಿದ್ದೆ. ದರವು ಮಾರುಕಟ್ಟೆಗಿಂತ ಕಡಿಮೆಯಿದ್ದುದನ್ನೂ ಗಮನಿಸಿದ್ದೆ. ಕಕ್ಷಿದಾರರ ಚೌಕಾಸಿಯ ಜಾಣ್ಮೆಯೆಂದು ಭಾವಿಸಿ ಮುಂದಿನ ಪುಟಕ್ಕೆ ಹೋಗಿದ್ದೆ. ಆ ಬಳಿಕ ಈ ವಿಷಯವನ್ನು ಸ್ವಲ್ಪ ಅಭ್ಯಾಸ ಮಾಡಿದ್ದೇನೆ. ನಮ್ಮ ಸಂಸ್ಥೆಯ ಸದಸ್ಯರಲ್ಲಿ ರದ್ದಿ ಕಾಗದ, ಲೋಹದ ಗುಜರಿ, ಬಳಸಿದ ಎಣ್ಣೆ, ಹಳೆಯ ಯಂತ್ರ ಮತ್ತು ಶೀತಕ ಅನಿಲಗಳನ್ನು ಆಮದು ಮಾಡುವವರು ಅನೇಕರಿರುವುದರಿಂದ ಅದನ್ನು ಇಲ್ಲಿ ನಿವೇದಿಸುವುದು ಉಚಿತವೆಂದು ತೋರಿತು.

ಎರಡು ಬಾರಿ ಹಣ ತರುವ ಸರಕು

ಗಡಿ ದಾಟುವ ಪರಿಸರ ಅಪರಾಧ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆನೆದಂತ, ಹುಲಿಚರ್ಮ, ರಕ್ತಚಂದನ ತುಂಬಿದ ಲಾರಿ. ಗೌರವಸ್ಥ ವರ್ತಕನಿಗೂ ಅದಕ್ಕೂ ಸಂಬಂಧವಿಲ್ಲವೆಂದು ಪುಟ ತಿರುವುವುದು ಸಹಜ. ಆದರೆ ಕಪ್ಪುಹಣದ ಚಲನೆಯ ಮೇಲೆ ನಿಗಾ ಇಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಎಟಿಎಫ್ 2021ರಲ್ಲಿ ಹೊರತಂದ ವರದಿಯಲ್ಲಿ ಅಕ್ರಮ ಮರ ಕಡಿತ ಮತ್ತು ಅಕ್ರಮ ಗಣಿಗಾರಿಕೆಗಳ ಜೊತೆಗೆ ತ್ಯಾಜ್ಯದ ಕಳ್ಳಸಾಗಣೆಯೂ ಪ್ರಮುಖವಾಗಿ ಚರ್ಚಿತವಾಗಿದೆ. ಪರಿಸರ ಅಪರಾಧಗಳಿಂದ ವರ್ಷಕ್ಕೆ 110ರಿಂದ 281 ಶತಕೋಟಿ ಡಾಲರುಗಳಷ್ಟು ಅಕ್ರಮ ಸಂಪಾದನೆ ನಡೆಯುತ್ತದೆಯೆಂದು ಆ ವರದಿ ಅಂದಾಜಿಸುತ್ತದೆ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಇರುವ ಅಂತರವೇ ಈ ವ್ಯವಹಾರ ಎಷ್ಟು ಮರೆಯಲ್ಲಿದೆಯೆಂಬುದನ್ನು ಹೇಳುತ್ತದೆ. ಲೆಕ್ಕಿಗನಾದ ನನಗೆ ಅದಕ್ಕಿಂತಲೂ ಮುಖ್ಯವೆಂದು ಕಂಡದ್ದು ವರದಿಯ ಇನ್ನೊಂದು ಮಾತು. ಸಕ್ರಮ ಸರಕು ಮತ್ತು ಅಕ್ರಮ ಸರಕು ಸರಬರಾಜಿನ ಆರಂಭದ ಹಂತಗಳಲ್ಲಿಯೇ ಬೆರೆತುಹೋಗುತ್ತವೆ. ಹೆಸರಿಗಷ್ಟೇ ಇರುವ ಕಂಪನಿಗಳು ಮತ್ತು ಸುಳ್ಳು ವ್ಯಾಪಾರ ದಾಖಲೆಗಳು ಈ ಬೆರಕೆಗೆ ಸಾಧನಗಳಾಗುತ್ತವೆ. ಎಂದರೆ ಈ ಅಪರಾಧ ನಡೆಯುವ ಸ್ಥಳಗಳಲ್ಲಿ ನಮ್ಮ ಕಡತವೂ ಒಂದು.

ತ್ಯಾಜ್ಯವು ವಿಚಿತ್ರ ಸರಕು. ಸಾಮಾನ್ಯ ಸರಕಿಗೆ ಕೊಳ್ಳುವವನು ಹಣ ಕೊಡುತ್ತಾನೆ. ತ್ಯಾಜ್ಯವನ್ನಾದರೋ ಒಪ್ಪಿಸುವವನೇ ಹಣ ಕೊಟ್ಟು ಸಾಗಹಾಕುತ್ತಾನೆ. ಶ್ರೀಮಂತ ರಾಷ್ಟ್ರದ ನಗರಸಭೆಯೊಂದು ತನ್ನ ಕಸದ ವಿಲೇವಾರಿಗೆಂದು ಗುತ್ತಿಗೆದಾರನಿಗೆ ಟನ್ನಿಗೆ ಇಷ್ಟೆಂದು ಶುಲ್ಕ ಕೊಡುತ್ತದೆ. ಅವನು ಅದನ್ನು ವಿಲೇವಾರಿ ಮಾಡದೆ ಮೇಲೊಂದು ಪದರ ಕಾಗದ ಹೊದಿಸಿ, ರದ್ದಿ ಎಂಬ ಹೆಸರಿನಲ್ಲಿ ಮತ್ತೊಂದು ದೇಶದ ಕೊಳ್ಳುಗನಿಗೆ ಮಾರಿದರೆ ಒಂದೇ ವಸ್ತುವಿಗೆ ಎರಡು ಕಡೆಯಿಂದ ಹಣ ಬಂದಂತಾಯಿತು. ಒಬ್ಬನ ಅಢಾವೆ ಪತ್ರಿಕೆಯಲ್ಲಿ ಹೊಣೆಯ ಬದಿಯಲ್ಲಿದ್ದದ್ದು ಒಂದು ಇನ್‌ವಾಯ್ಸಿನ ಬಲದಿಂದ ಮತ್ತೊಬ್ಬನ ಆಸ್ತಿಯ ಬದಿಗೆ ಬಂದು ಕೂರುತ್ತದೆ.

ಗೊಬ್ಬರವೆನಿಸಿಕೊಂಡ ಬೂದಿ

1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸ ಸುಡುವ ಘಟಕದ ಸುಮಾರು 14 ಸಾವಿರ ಟನ್ ಬೂದಿಯನ್ನು ಹೊತ್ತು 'ಖಿಯಾನ್ ಸೀ' ಎಂಬ ಹಡಗು ಹೊರಟಿತು. ಹಲವು ದೇಶಗಳು ಅದನ್ನು ಹಿಂದಕ್ಕೆ ಅಟ್ಟಿದವು. 1988ರ ಆರಂಭದಲ್ಲಿ ಅದು ಹೈಟಿ ದೇಶದ ಗೊನಾಯಿವ್ ಪಟ್ಟಣದ ತೀರ ತಲುಪಿತು. ದಾಖಲೆಯಲ್ಲಿ ಸರಕಿನ ಹೆಸರು ಗೊಬ್ಬರ ಎಂದಿತ್ತು. ನಿಜ ತಿಳಿದು ಸರ್ಕಾರವು ಮರಳಿ ತುಂಬಿಕೊಳ್ಳುವಂತೆ ಆಜ್ಞೆ ಮಾಡುವಷ್ಟರಲ್ಲಿ ಸುಮಾರು 4 ಸಾವಿರ ಟನ್ ಬೂದಿ ತೀರದಲ್ಲಿ ಸುರಿದಾಗಿತ್ತು. ಹಡಗು ಅದನ್ನು ಅಲ್ಲಿಯೇ ಬಿಟ್ಟು ಹೊರಟುಹೋಯಿತು. ಮುಂದೆ ಹೆಸರುಗಳನ್ನು ಬದಲಿಸುತ್ತಾ ತಿರುಗಿದ ಅದು ಸಿಂಗಪುರವನ್ನು ಸೇರುವಾಗ ಒಡಲು ಖಾಲಿಯಾಗಿತ್ತು. ಉಳಿದುದನ್ನು ಸಮುದ್ರದ ಪಾಲು ಮಾಡಲಾಗಿತ್ತು. 1993ರಲ್ಲಿ ಸಂಬಂಧಪಟ್ಟ ಇಬ್ಬರು ಅಧಿಕಾರಿಗಳಿಗೆ ಶಿಕ್ಷೆಯಾಯಿತು. ಆರೋಪವು ಸುಳ್ಳು ಪ್ರಮಾಣದ್ದಾಗಿತ್ತೆಂಬುದನ್ನು ಗಮನಿಸಬೇಕು. ಹೈಟಿಯ ತೀರದ ಬೂದಿ ಅಮೆರಿಕಕ್ಕೆ ಮರಳಿ ಪೆನ್ಸಿಲ್ವೇನಿಯಾದ ಮಣ್ಣು ಸೇರುವ ಹೊತ್ತಿಗೆ 2002ನೆಯ ಇಸವಿಯಾಗಿತ್ತು.

ಅದೇ ಕಾಲದಲ್ಲಿ ನೈಜೀರಿಯಾದ ಕೋಕೋ ಎಂಬ ಸಣ್ಣ ಬಂದರಿನಲ್ಲಿ ಇಟಲಿಯಿಂದ ಬಂದ ಸಾವಿರಾರು ಪೀಪಾಯಿ ವಿಷತ್ಯಾಜ್ಯ ಪತ್ತೆಯಾಯಿತು. ಅದನ್ನು ಇರಿಸಲು ಜಾಗ ಕೊಟ್ಟಿದ್ದವನಿಗೆ ಸಿಗುತ್ತಿದ್ದ ಬಾಡಿಗೆ ತಿಂಗಳಿಗೆ ಸುಮಾರು 100 ಡಾಲರ್.

ಬಾಸೆಲ್ ಒಪ್ಪಂದ

ಇಂತಹ ಪ್ರಕರಣಗಳ ಒತ್ತಡದಿಂದ 1989ರ ಮಾರ್ಚ್ 22ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಪಾಯಕಾರಿ ತ್ಯಾಜ್ಯಗಳ ಗಡಿಯಾಚೆಯ ಸಾಗಣೆಯನ್ನು ನಿಯಂತ್ರಿಸುವ ಒಪ್ಪಂದವು ಅಂಗೀಕೃತವಾಯಿತು. 1992ರ ಮೇ 5ರಂದು ಜಾರಿಗೆ ಬಂತು. ಅದೇ ವರ್ಷದ ಜೂನ್‌ನಲ್ಲಿ ಭಾರತವು ಅದನ್ನು ಸ್ಥಿರೀಕರಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನವು ಸಹಿ ಮಾಡಿಯೂ ಸ್ಥಿರೀಕರಿಸಿಲ್ಲ. ಅಲ್ಲಿಂದ ಗುಜರಿ ತರಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಒಪ್ಪಂದದ ತಿರುಳು ಸರಳವಾದುದು. ರಫ್ತು ಮಾಡುವ ದೇಶವು ಆಮದು ಮಾಡುವ ದೇಶಕ್ಕೆ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು, ಸಮ್ಮತಿ ಪಡೆಯಬೇಕು. ಸರಕಿನೊಂದಿಗೆ ಸಾಗಣೆ ದಾಖಲೆಯೊಂದು ಹೊರಟ ಸ್ಥಳದಿಂದ ವಿಲೇವಾರಿಯ ಸ್ಥಳದವರೆಗೆ ಇರಬೇಕು. 9ನೆಯ ವಿಧಿಯು ಅಕ್ರಮ ಸಾಗಣೆ ಯಾವುದೆಂದು ವಿವರಿಸುತ್ತದೆ: ಸೂಚನೆಯಿಲ್ಲದ್ದು, ಸಮ್ಮತಿಯಿಲ್ಲದ್ದು, ಸುಳ್ಳು ಹೇಳಿ ಸಮ್ಮತಿ ಪಡೆದದ್ದು, ಒಪ್ಪಂದಕ್ಕೆ ವಿರುದ್ಧವಾಗಿ ಬೇಕೆಂದೇ ಎಲ್ಲಿಯೋ ಸುರಿದದ್ದು. ಇವುಗಳ ನಡುವೆ ಇನ್ನೊಂದಿದೆ. ಸರಕು ತನ್ನ ದಾಖಲೆಗಳೊಂದಿಗೆ ಗಣನೀಯವಾಗಿ ತಾಳೆಯಾಗದಿದ್ದರೆ ಅದೂ ಅಕ್ರಮ ಸಾಗಣೆಯೇ. ನನ್ನ ಮಟ್ಟಿಗೆ ಇದು ಇಡೀ ಒಪ್ಪಂದದಲ್ಲಿ ವರ್ತಕರಿಗೆ ಅತ್ಯಂತ ಹತ್ತಿರವಾದ ವಾಕ್ಯ. ವಸ್ತುವಿಗೂ ಕಾಗದಕ್ಕೂ ಹೊಂದಿಕೆಯಿದೆಯೇ ಎಂದು ನೋಡುವುದೇ ತಾನೇ ಲೆಕ್ಕಪರಿಶೋಧನೆ?

ಒಪ್ಪಂದವು ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿದೆ. ಕೊಳಕಾದ, ಬೆರಕೆಯ ಪ್ಲಾಸ್ಟಿಕ್ ತ್ಯಾಜ್ಯವು 2021ರ ಜನವರಿ 1ರಿಂದಲೂ, ವಿದ್ಯುನ್ಮಾನ ತ್ಯಾಜ್ಯವೆಲ್ಲವೂ 2025ರ ಜನವರಿ 1ರಿಂದಲೂ ಪೂರ್ವಸಮ್ಮತಿಯ ವ್ಯಾಪ್ತಿಗೆ ಬಂದಿವೆ. ಆದರೂ ಕಸ ಹರಿಯುವುದು ನಿಂತಿಲ್ಲ. 2018ರ ಆರಂಭದಿಂದ ಚೀನಾ ದೇಶವು 24 ಬಗೆಯ ತ್ಯಾಜ್ಯಗಳ ಆಮದನ್ನು ನಿಷೇಧಿಸಿದಾಗ, ಅಲ್ಲಿಗೆ ಹೋಗುತ್ತಿದ್ದ ಹಡಗುಗಳು ಆಗ್ನೇಯ ಏಷ್ಯಾದ ಕಡೆಗೂ ನಮ್ಮ ಕಡೆಗೂ ತಿರುಗಿದವು. ನನ್ನ ಕಕ್ಷಿದಾರರಿಗೆ ಒದಗಿದ ಅಗ್ಗದ ದರದ ಹಿಂದೆ ಈ ಹಿನ್ನೆಲೆಯಿತ್ತೆಂದು ಈಗ ಅನಿಸುತ್ತದೆ. 2013-14ರಲ್ಲಿ ಕೆನಡಾದಿಂದ ಫಿಲಿಪೈನ್ಸಿಗೆ ಮರುಬಳಕೆಯ ಪ್ಲಾಸ್ಟಿಕ್ ಎಂದು ಹೇಳಿ ಬಂದ 103 ಕಂಟೇನರುಗಳಲ್ಲಿಯೂ ಇದ್ದುದು ಮನೆಯ ಕಸವೇ. ಎರಡು ಸರ್ಕಾರಗಳ ನಡುವೆ ವರ್ಷಗಟ್ಟಲೆ ವಾಗ್ವಾದ ನಡೆದು, ಉಳಿದಿದ್ದ 69 ಕಂಟೇನರುಗಳು 2019ರ ಮೇ 31ರಂದು ಮರಳಿ ಹೊರಟವು. ಸರ್ಕಾರಕ್ಕೇ ಇಷ್ಟು ಕಾಲ ಹಿಡಿದರೆ ಸಣ್ಣ ಕಾರ್ಖಾನೆಯವನ ಗತಿಯೇನು?

ಅಬಿಜಾನ್: ಒಂದು ದರಪಟ್ಟಿಯ ಕಥೆ

2006ರ ಪ್ರಕರಣವೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದರಲ್ಲಿ ಅಪರಾಧವು ಅಂಕಿಗಳಲ್ಲಿಯೇ ಎದ್ದು ಕಾಣುತ್ತದೆ.

ಟ್ರಾಫಿಗುರಾ ಎಂಬ ಬಹುರಾಷ್ಟ್ರೀಯ ತೈಲ ವ್ಯಾಪಾರ ಸಂಸ್ಥೆಯು ಮೆಕ್ಸಿಕೋದಿಂದ ಗಂಧಕಾಂಶ ಹೆಚ್ಚಾಗಿದ್ದ ಅಗ್ಗದ ತೈಲೋತ್ಪನ್ನವನ್ನು ಖರೀದಿಸಿ, 'ಪ್ರೋಬೋ ಕೋಆಲಾ' ಎಂಬ ಬಾಡಿಗೆ ಹಡಗಿನಲ್ಲಿಯೇ ಕಾಸ್ಟಿಕ್ ಸೋಡಾದಿಂದ ತೊಳೆಯಿತು. ಹಾಗೆ ತೊಳೆದ ಬಳಿಕ 500 ಘನ ಮೀಟರಿಗೂ ಮೇಲ್ಪಟ್ಟು ದುರ್ವಾಸನೆಯ ವಿಷದ್ರವ ಉಳಿಯಿತು. ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್ ಬಂದರಿನಲ್ಲಿ ಅದನ್ನು ಹಡಗು ತೊಳೆದ ಮಾಮೂಲಿ ಕೊಳೆನೀರಿನಂತೆ ಇಳಿಸಲು ಹೊರಟರು. ವಿಲೇವಾರಿ ಕಂಪನಿಯು ಮೊದಲು ಹೇಳಿದ್ದ ದರ ಘನ ಮೀಟರಿಗೆ 27 ಯೂರೋ. ಆದರೆ ವಾಸನೆಯ ಬಗ್ಗೆ ದೂರುಗಳು ಬಂದು, ಪರೀಕ್ಷಿಸಿ ನೋಡಿದ ಮೇಲೆ ಅದೇ ಕಂಪನಿ ಸುಮಾರು 1,000 ಯೂರೋ ಕೇಳಿತು. ಆ ದರಕ್ಕೆ ಒಪ್ಪದೆ, ಇಳಿಸಿದ್ದನ್ನು ಮರಳಿ ಹಡಗಿಗೆ ತುಂಬಿಸಲಾಯಿತು. ಹಡಗು ಆಗಸ್ಟ್ 19ರಂದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರವನ್ನು ತಲುಪಿತು. ಅಲ್ಲಿ ಕೆಲವೇ ವಾರಗಳ ಹಿಂದೆ ಪರವಾನಗಿ ಪಡೆದಿದ್ದ ಸ್ಥಳೀಯ ಸಂಸ್ಥೆಯೊಂದು ಇದೇ ದ್ರವವನ್ನು ಘನ ಮೀಟರಿಗೆ ಸುಮಾರು 35 ಡಾಲರಿಗೆ ವಿಲೇವಾರಿ ಮಾಡಲು ಒಪ್ಪಿತು. ವಿಲೇವಾರಿಯೆಂದರೆ, ರಾತ್ರಿಯಲ್ಲಿ ಟ್ಯಾಂಕರುಗಳಲ್ಲಿ ಒಯ್ದು ನಗರದ ಸುತ್ತಮುತ್ತ ಹಲವೆಡೆ ಸುರಿದರು. ಒಂದು ಲಕ್ಷಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಆಸ್ಪತ್ರೆಗಳಿಗೆ ಧಾವಿಸಿದರು. ಸಾವುಗಳೂ ಸಂಭವಿಸಿದವೆಂದು ಅಲ್ಲಿನ ಸರ್ಕಾರ ಹೇಳಿತು. ತನ್ನ ತ್ಯಾಜ್ಯದಿಂದ ಸಾವು ಉಂಟಾಗಲಿಲ್ಲವೆಂದು ಕಂಪನಿ ವಾದಿಸಿತು.

ಈಗ ಜಮಾ-ಖರ್ಚು ನೋಡಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ತಗುಲುತ್ತಿದ್ದ ಖರ್ಚು ಸುಮಾರು ಐದು ಲಕ್ಷ ಯೂರೋ. ಅದನ್ನು ಉಳಿಸಲು ಹೋದ ಕಂಪನಿಯು 2007ರಲ್ಲಿ ಐವರಿ ಕೋಸ್ಟ್ ಸರ್ಕಾರಕ್ಕೆ ಸುಮಾರು 15 ಕೋಟಿ ಯೂರೋ, 2009ರಲ್ಲಿ ಲಂಡನ್ನಿನಲ್ಲಿ ದಾವೆ ಹೂಡಿದ ಸುಮಾರು 30 ಸಾವಿರ ಸಂತ್ರಸ್ತರಿಗೆ 3 ಕೋಟಿ ಪೌಂಡುಗಳನ್ನು ಕೊಟ್ಟಿತು. 2010ರಲ್ಲಿ ಡಚ್ ನ್ಯಾಯಾಲಯವು ಅಕ್ರಮ ರಫ್ತಿಗಾಗಿಯೂ ಸರಕಿನ ಅಪಾಯಕಾರಿ ಗುಣವನ್ನು ಮರೆಮಾಚಿದ್ದಕ್ಕಾಗಿಯೂ 10 ಲಕ್ಷ ಯೂರೋ ದಂಡ ವಿಧಿಸಿತು. ಅಬಿಜಾನ್‌ನ ಸಣ್ಣ ಗುತ್ತಿಗೆ ಸಂಸ್ಥೆಯ ಮುಖ್ಯಸ್ಥನಿಗಾದರೋ 2008ರಲ್ಲಿಯೇ 20 ವರ್ಷಗಳ ಸೆರೆವಾಸವಾಯಿತು. ದೊಡ್ಡವರು ಹಣ ಕಟ್ಟಿ ಹೊರಬಂದರು, ಕಾಗದಕ್ಕೆ ಸಹಿ ಮಾಡಿದ್ದ ಸ್ಥಳೀಯನು ಒಳಗೆ ಹೋದನು. ಇದು ನ್ಯಾಯವೇ ಎಂದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸಣ್ಣ ವ್ಯಾಪಾರಿಗಳಾದ ನಾವು ಈ ಸರಪಳಿಯಲ್ಲಿ ಯಾವ ಸ್ಥಾನದಲ್ಲಿ ನಿಂತಿರುತ್ತೇವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನ್ಹಾವಾ ಶೇವಾದ 133 ಕಂಟೇನರುಗಳು

ಇದು ಪರದೇಶದ ಮಾತಾಯಿತು, ನಮ್ಮಲ್ಲಿ ಹೇಗೆ ಎಂದು ಕೇಳಬಹುದು. ಮುಂಬಯಿ ಸಮೀಪದ ನ್ಹಾವಾ ಶೇವಾ ಬಂದರಿನಲ್ಲಿ ಲೂಬ್ರಿಕೇಟಿಂಗ್ ಎಣ್ಣೆಯ ಹೆಸರಿನಲ್ಲಿ ಬಂದ 133 ಕಂಟೇನರುಗಳಲ್ಲಿ ಇದ್ದುದು ಅಪಾಯಕಾರಿ ತ್ಯಾಜ್ಯ ಎಣ್ಣೆಯೆಂದು ಪರೀಕ್ಷೆಗಳಿಂದ ತಿಳಿಯಿತು. ಆಮದುದಾರರು 15 ಮಂದಿ. ಸರ್ವೋಚ್ಚ ನ್ಯಾಯಾಲಯವು 2005ರ ಜನವರಿ 5ರ ಆದೇಶದಲ್ಲಿ, ಆ ಎಣ್ಣೆಯನ್ನು ಉಸ್ತುವಾರಿ ಸಮಿತಿಯ ಕಣ್ಗಾವಲಿನಲ್ಲಿ ಸುಟ್ಟು ನಾಶಪಡಿಸಬೇಕು, ವೆಚ್ಚವನ್ನು ಆಮದುದಾರರೇ ಭರಿಸಬೇಕು ಎಂದು ವಿಧಿಸಿತು. ಮಾಲಿನ್ಯ ಮಾಡಿದವನೇ ತೆರಬೇಕೆಂಬ ತತ್ವ ಅದಕ್ಕೆ ಆಧಾರ. ಇದರ ಲೆಕ್ಕವನ್ನು ಗಮನಿಸಿರಿ: ಸರಕಿನ ಬೆಲೆ ಹೋಯಿತು, ಬಂದರಿನಲ್ಲಿ ಇಟ್ಟ ಬಾಡಿಗೆ ಬೆಳೆಯಿತು, ಕೊನೆಗೆ ಕೊಂಡ ಸರಕನ್ನು ಸುಡುವುದಕ್ಕೂ ಕೊಂಡವನೇ ಹಣ ಕೊಡಬೇಕಾಯಿತು.

ಸಹಿ ಯಾರದು?

ಈಗ ನನ್ನ ಕಕ್ಷಿದಾರರ ಪ್ರಶ್ನೆಗೆ ಬರೋಣ. ತಪ್ಪು ಯಾರದು ಎಂಬುದಕ್ಕಿಂತ, ಸರಪಳಿಯಲ್ಲಿ ಯಾರು ಯಾವುದಕ್ಕೆ ಸಹಿ ಹಾಕಿದ್ದಾರೆ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಹಡಗು ಕಂಪನಿಯ ಬಿಲ್ ಆಫ್ ಲೇಡಿಂಗ್ ಮೇಲೆ, ಇದರಲ್ಲಿ ಇಂತಹ ಸರಕಿದೆಯೆಂದು ಕಳುಹಿಸಿದವನು ಹೇಳುತ್ತಾನೆ, ತುಂಬಿದವನೂ ಎಣಿಸಿದವನೂ ಅವನೇ ಎಂಬ ಒಕ್ಕಣೆ ಇರುತ್ತದೆ. ಹಡಗಿನವನು ಅಲ್ಲಿಗೆ ಕೈ ತೊಳೆದುಕೊಂಡನು. ಲೆಟರ್ ಆಫ್ ಕ್ರೆಡಿಟ್ ತೆರೆದ ಬ್ಯಾಂಕು, ಯುಸಿಪಿ 600 ನಿಯಮಗಳ 5ನೆಯ ವಿಧಿಯಂತೆ, ವ್ಯವಹರಿಸುವುದು ದಾಖಲೆಗಳೊಂದಿಗೆ ಮಾತ್ರ, ಸರಕಿನೊಂದಿಗಲ್ಲ. ದಾಖಲೆ ಸರಿಯಿದ್ದರೆ ಕಸಕ್ಕೂ ಹಣ ಪಾವತಿಯಾಗುತ್ತದೆ. ಕಸ್ಟಮ್ಸ್ ಬ್ರೋಕರು ತಾನು ಕೊಟ್ಟ ಕಾಗದವನ್ನು ಸಲ್ಲಿಸಿದವನು ಮಾತ್ರವೆನ್ನುತ್ತಾನೆ. ಹೀಗೆ ಎಲ್ಲರೂ ಕಾಗದವನ್ನಷ್ಟೇ ಕಂಡವರು. ಒಳಗಿನ ವಸ್ತು ಇಂತಹುದೇ ಎಂದು ಸರ್ಕಾರದ ಮುಂದೆ ಘೋಷಿಸುವವನು ಬಿಲ್ ಆಫ್ ಎಂಟ್ರಿ ಸಲ್ಲಿಸುವ ಆಮದುದಾರನೊಬ್ಬನೇ. 2018ರಲ್ಲಿ 1962ರ ಕಸ್ಟಮ್ಸ್ ಕಾಯ್ದೆಯ 46ನೆಯ ಕಲಮಿಗೆ ಸೇರಿಸಿದ ಉಪಕಲಮು ಇದನ್ನು ಇನ್ನಷ್ಟು ಬಿಗಿಗೊಳಿಸಿದೆ: ಮಾಹಿತಿಯ ನಿಖರತೆ, ಪೂರಕ ದಾಖಲೆಗಳ ನೈಜತೆ, ನಿರ್ಬಂಧಗಳ ಪಾಲನೆ ಈ ಮೂರಕ್ಕೂ ಆಮದುದಾರನೇ ಹೊಣೆ.

ತ್ಯಾಜ್ಯದ ವಿಷಯದಲ್ಲಿ ನಮಗೆ ಅನ್ವಯವಾಗುವುದು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಾವಳಿ. ಇದರಂತೆ ವಿಲೇವಾರಿಗಾಗಿ ತ್ಯಾಜ್ಯವನ್ನು ಆಮದು ಮಾಡಲು ಅವಕಾಶವೇ ಇಲ್ಲ. ಮರುಬಳಕೆ, ಪುನಶ್ಚೇತನ ಮುಂತಾದ ಉದ್ದೇಶಗಳಿಗೆ ಮಾತ್ರ ಉಂಟು. 6ನೆಯ ಅನುಸೂಚಿಯಲ್ಲಿರುವ ವಸ್ತುಗಳು ಸಂಪೂರ್ಣ ನಿಷಿದ್ಧ. ಕೆಲವಕ್ಕೆ ಕೇಂದ್ರ ಪರಿಸರ ಮಂತ್ರಾಲಯದ ಅನುಮತಿ ಬೇಕು. ರದ್ದಿ ಕಾಗದದಂತಹವಕ್ಕೆ ಆ ಅನುಮತಿ ಬೇಡವಾದರೂ ನಮೂನೆ 6ರಲ್ಲಿ ಸಾಗಣೆ ದಾಖಲೆ ಮತ್ತು ಹಡಗೇರುವ ಮುಂಚಿನ ತಪಾಸಣೆಯ ಪ್ರಮಾಣಪತ್ರ ಇರಲೇಬೇಕು. ಘನರೂಪದ ಪ್ಲಾಸ್ಟಿಕ್ ತ್ಯಾಜ್ಯದ ಆಮದು 2019ರ ತಿದ್ದುಪಡಿಯಿಂದ ವಿಶೇಷ ಆರ್ಥಿಕ ವಲಯಗಳಿಗೂ ನಿಷಿದ್ಧವಾಗಿದೆ. 15ನೆಯ ನಿಯಮದಂತೆ, ಅಕ್ರಮವೆಂದು ಕಂಡುಬಂದ ತ್ಯಾಜ್ಯವನ್ನು ಅದು ಭಾರತಕ್ಕೆ ಬಂದ ದಿನದಿಂದ 90 ದಿನಗಳೊಳಗೆ ಆಮದುದಾರನು ಸ್ವಂತ ಖರ್ಚಿನಲ್ಲಿ ಮರುರಫ್ತು ಮಾಡಬೇಕು.

ಸರಕನ್ನು ಅಲ್ಲಿಯೇ ಬಿಟ್ಟುಕೊಟ್ಟು ಸುಮ್ಮನಾಗಬಹುದಲ್ಲವೇ ಎಂಬುದು ನನ್ನ ಕಕ್ಷಿದಾರರ ಮೊದಲ ಯೋಚನೆಯಾಗಿತ್ತು. ಕಸ್ಟಮ್ಸ್ ಕಾಯ್ದೆಯ 23ನೆಯ ಕಲಮಿನಲ್ಲಿ ಸರಕಿನ ಹಕ್ಕನ್ನು ತ್ಯಜಿಸುವ ಅವಕಾಶವಿದೆ, ನಿಜ. ಆದರೆ ಅಪರಾಧ ನಡೆದಂತೆ ತೋರುವ ಸರಕಿಗೆ ಆ ಅವಕಾಶವಿಲ್ಲ. 111ನೆಯ ಕಲಮಿನಡಿ ಮುಟ್ಟುಗೋಲು, 112ರಡಿ ದಂಡ. ಗೊತ್ತಿದ್ದೂ ಸುಳ್ಳು ದಾಖಲೆ ಬಳಸಿದ್ದರೆ 114ಎಎ ಕಲಮಿನಂತೆ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ 15ನೆಯ ಕಲಮಿನಲ್ಲಿ ಹಿಂದೆ 5 ವರ್ಷಗಳವರೆಗೆ ಸೆರೆವಾಸವಿತ್ತು. 2023ರ ಜನ ವಿಶ್ವಾಸ ಕಾಯ್ದೆಯ ಫಲವಾಗಿ 2024ರ ಏಪ್ರಿಲ್ 1ರಿಂದ ಅದರ ಬದಲಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ಆರ್ಥಿಕ ದಂಡ ಬಂದಿದೆ. ಜೈಲಿನ ಭಯ ಹೋಯಿತೆಂದು ನಿರಾಳವಾಗುವಂತಿಲ್ಲ. ಕಸ್ಟಮ್ಸ್ ಕಾಯ್ದೆಯ 135ನೆಯ ಕಲಮು ಹಾಗೆಯೇ ಇದೆ. ಕೆಲವು ಪ್ರಕರಣಗಳಲ್ಲಿ 7 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದು.

ಇದರ ಮೇಲೆ ತೆರಿಗೆಯ ಪೆಟ್ಟು ಬೇರೆ. ನಾಶವಾದ ಸರಕಿನ ಮೇಲಿನ ಜಿಎಸ್‌ಟಿ ಹುಟ್ಟುವಳಿಯನ್ನು 17(5)ನೆಯ ಕಲಮು ತಡೆಯುತ್ತದೆ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲಾಗದು.

ದಾಖಲೆಯನ್ನು ಓದುವ ಬಗೆ

ಸಣ್ಣ ಉದ್ದಿಮೆದಾರನು ಸಾವಿರಾರು ಮೈಲಿ ದೂರದ ಗೋದಾಮಿಗೆ ಹೋಗಿ ಬೇಲು ಬಿಚ್ಚಿ ನೋಡಲಾರನು. ಆದರೆ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ಓದಬಲ್ಲನು.

ಮೊದಲಿಗೆ ದರ. ಅದೇ ದರ್ಜೆಯ ಸರಕಿಗೆ ಬೇರೆಯವರು ಹೇಳುವುದಕ್ಕಿಂತ ಗಮನಾರ್ಹವಾಗಿ ಕಡಿಮೆಯಿದ್ದರೆ, ಆ ವ್ಯತ್ಯಾಸವನ್ನು ಯಾರು ಭರಿಸುತ್ತಿದ್ದಾರೆ ಎಂದು ಕೇಳಿಕೊಳ್ಳಿರಿ. ಸಾಗಣೆ ವೆಚ್ಚವನ್ನು ಕಳೆದರೆ ಮಾರುವವನಿಗೆ ಏನೂ ಉಳಿಯದಂತಿದ್ದರೆ ಅವನಿಗೆ ಇನ್ನೊಂದು ಕಡೆಯಿಂದ ಹಣ ಬರುತ್ತಿದೆಯೆಂದೇ ಅರ್ಥ. ನಾನು ಅಂದು ಮಾಡದೆ ಬಿಟ್ಟ ಲೆಕ್ಕ ಇದೇ.

ಬಳಿಕ ಸ್ಥಳ. ಕಕ್ಷಿದಾರರ ಕಡತವನ್ನು ಆಮೇಲೆ ಬಿಡಿಸಿ ನೋಡಿದಾಗ ಮಾರಾಟಗಾರನ ವಿಳಾಸ ಒಂದು ದೇಶದ್ದು, ಸರಕು ತುಂಬಿದ ಬಂದರು ಇನ್ನೊಂದು ದೇಶದ್ದು, ಹಣ ಹೋದ ಬ್ಯಾಂಕ್ ಖಾತೆ ಮೂರನೆಯ ದೇಶದ್ದು ಎಂಬುದು ಕಂಡಿತು. ಮಧ್ಯವರ್ತಿಗಳ ಮೂಲಕ ಕೊಳ್ಳುವುದು ಅಪರಾಧವಲ್ಲ. ಆದರೆ ಬೇಲು ಕಟ್ಟಿದ ಮೂಲ ಘಟಕದ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ. ನಮೂನೆ 6ರ ಸಾಗಣೆ ದಾಖಲೆಯಲ್ಲಿ ಆ ಅಂಕಣವನ್ನು ಮಧ್ಯವರ್ತಿಯ ಹೆಸರಿನಿಂದಲೇ ತುಂಬಲಾಗಿತ್ತು.

ಮೂರನೆಯದು ದಿನಾಂಕ ಮತ್ತು ಸೀಲು. ತಪಾಸಣೆಯ ಪ್ರಮಾಣಪತ್ರದಲ್ಲಿ ಕಂಟೇನರ್ ಸಂಖ್ಯೆಯೂ ಸೀಲಿನ ಸಂಖ್ಯೆಯೂ ಇದ್ದು, ಅವು ಬಿಲ್ ಆಫ್ ಲೇಡಿಂಗ್‌ನೊಂದಿಗೆ ತಾಳೆಯಾಗಬೇಕು. ತುಂಬುವ ದಿನಕ್ಕಿಂತ ಮುಂಚಿನ ದಿನಾಂಕದ ಪ್ರಮಾಣಪತ್ರವು ಖಾಲಿ ಕಂಟೇನರಿನ ಪ್ರಮಾಣಪತ್ರವೇ ಸರಿ. ಅದನ್ನು ಕೊಟ್ಟ ಸಂಸ್ಥೆಗೆ ನೇರವಾಗಿ ಮಿಂಚಂಚೆ ಬರೆದು ದೃಢಪಡಿಸಿಕೊಳ್ಳಲು ಹತ್ತು ನಿಮಿಷ ಸಾಕು. ತೂಕವನ್ನೂ ನೋಡಿರಿ: ಒಣ ಕಾಗದದ ಬೇಲುಗಳ ತೂಕ ನಿಮ್ಮ ಅನುಭವಕ್ಕೆ ತಿಳಿದಿರುತ್ತದೆ, ಒದ್ದೆ ಕಸ ಹೆಚ್ಚು ತೂಗುತ್ತದೆ. ಖರೀದಿ ಒಪ್ಪಂದದಲ್ಲಿ, ದಾಖಲೆಗೆ ಹೊಂದದ ಸರಕನ್ನು ಮಾರಾಟಗಾರನು ತನ್ನ ಖರ್ಚಿನಲ್ಲಿ ಮರಳಿ ಪಡೆಯಬೇಕೆಂಬ ಷರತ್ತನ್ನೂ, ಹಣದ ಒಂದಂಶವನ್ನು ತಪಾಸಣೆಯ ನಂತರ ಪಾವತಿಸುವ ಷರತ್ತನ್ನೂ ಸೇರಿಸಿರಿ. ಪ್ರಾಮಾಣಿಕನಾದ ಮಾರಾಟಗಾರನು ಸ್ವಲ್ಪ ಗೊಣಗಿಯಾದರೂ ಒಪ್ಪುತ್ತಾನೆ.

ಯೂರೋಪಿನಿಂದ ರದ್ದಿ ಮತ್ತು ಗುಜರಿ ತರಿಸುವವರಿಗೆ ಮತ್ತೊಂದು ಸೂಚನೆ. ಐರೋಪ್ಯ ಒಕ್ಕೂಟವು 2024ರಲ್ಲಿ ಹೊರಡಿಸಿದ ತ್ಯಾಜ್ಯ ಸಾಗಣೆ ನಿಯಮದ ಪ್ರಕಾರ, ಶ್ರೀಮಂತ ರಾಷ್ಟ್ರಗಳ ಕೂಟವಾದ ಒಇಸಿಡಿಗೆ ಸೇರದ ದೇಶಗಳಿಗೆ ಪ್ಲಾಸ್ಟಿಕ್ ತ್ಯಾಜ್ಯದ ರಫ್ತು 2026ರ ನವೆಂಬರ್ 21ರಿಂದ ನಿಷಿದ್ಧ. ಇತರ ಅಪಾಯಕಾರಿಯಲ್ಲದ ತ್ಯಾಜ್ಯಕ್ಕೂ 2027ರ ಮೇ 21ರಿಂದ ಕೊಳ್ಳುವ ದೇಶವು ಅವರ ಪಟ್ಟಿಯಲ್ಲಿರಬೇಕು, ಕೊಳ್ಳುವ ಕಾರ್ಖಾನೆಯು ಸ್ವತಂತ್ರ ಪರಿಶೋಧನೆಗೆ ಒಳಪಟ್ಟಿರಬೇಕು. ಭಾರತವು ಒಇಸಿಡಿಯ ಸದಸ್ಯ ರಾಷ್ಟ್ರವಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ, ತ್ಯಾಜ್ಯದ ದಾಖಲೆ ಪುಸ್ತಕಗಳನ್ನು ಧೂಳು ಕೊಡವಿ ಸರಿಪಡಿಸಿಕೊಳ್ಳುವ ಕೆಲಸ ಇದಕ್ಕೆ ಸಂಬಂಧಿಸಿದ್ದು.

ಶೀತಕ ಅನಿಲದ ವ್ಯಾಪಾರದಲ್ಲಿಯೂ ಸಮಸ್ಯೆ ಇದೇ ಬಗೆಯದು. ಓಜೋನ್ ಪದರಕ್ಕೆ ಹಾನಿ ಮಾಡುವ ಅನಿಲವನ್ನು ಬೇರೆ ಹೆಸರಿನ ಸಿಲಿಂಡರಿನಲ್ಲಿ ತುಂಬಿ ಗಡಿ ದಾಟಿಸುವುದು ಹಳೆಯ ತಂತ್ರ; ಏಷ್ಯಾ ವಲಯದ ಕಸ್ಟಮ್ಸ್ ಇಲಾಖೆಗಳು 2006ರಲ್ಲಿ ಇದಕ್ಕೆಂದೇ ಜಂಟಿ ಕಾರ್ಯಾಚರಣೆ ಆರಂಭಿಸಿದವು.

ಬೇಲೆಕೇರಿಯ ಅದಿರು

ರಫ್ತಿನ ವಿಷಯದಲ್ಲಿ ನಮ್ಮ ರಾಜ್ಯದ್ದೇ ಉದಾಹರಣೆಯಿರುವಾಗ ಹೊರಗೆ ಹುಡುಕಬೇಕಾಗಿಲ್ಲ. ಬಳ್ಳಾರಿಯ ಕಬ್ಬಿಣದ ಅದಿರಿನ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯು, 2006ರಿಂದ 2010ರ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಯಿತೆಂದೂ, ನಷ್ಟ 12,228 ಕೋಟಿ ರೂಪಾಯಿಗಳೆಂದೂ ಅಂದಾಜಿಸಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಸುಮಾರು 5 ಲಕ್ಷ ಟನ್ ಅದಿರಿನ ದೊಡ್ಡ ಪಾಲು, ಜಪ್ತಿಯಲ್ಲಿರುವಾಗಲೇ ಹಡಗೇರಿ ಹೋಯಿತು. ಅಲ್ಲಿಯೂ ಪರವಾನಗಿ ಕಾಗದಕ್ಕೂ ಲಾರಿಯಲ್ಲಿದ್ದ ಸರಕಿಗೂ ತಾಳೆಯಿರಲಿಲ್ಲ. 2011ರ ಜುಲೈ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಕ್ರಮವಾಗಿ ವ್ಯಾಪಾರ ಮಾಡುತ್ತಿದ್ದವರು, ಸಾಲ ಮಾಡಿ ಲಾರಿ ಕೊಂಡವರು, ಸಣ್ಣ ಸ್ಪಂಜ್ ಕಬ್ಬಿಣದ ಘಟಕಗಳವರು ಎಲ್ಲರೂ ಅದರಲ್ಲಿ ಬೆಂದುಹೋದರು. ರಾಜ್ಯದ ಅದಿರಿನ ರಫ್ತಿಗೆ ನ್ಯಾಯಾಲಯ ಮತ್ತೆ ಅವಕಾಶ ನೀಡಿದ್ದು 2022ರ ಮೇ ತಿಂಗಳಿನಲ್ಲಿ. ಆ ವರ್ಷಗಳಲ್ಲಿ ಹೊಸಪೇಟೆಯ ಕಡೆಯ ಕಕ್ಷಿದಾರರ ಲೆಕ್ಕ ಬರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕ್ರಾಫ್ಟ್ ಕಾಗದದ ಕಕ್ಷಿದಾರರ ಕಂಟೇನರುಗಳು 84ನೆಯ ದಿನ ಮರಳಿ ಹಡಗೇರಿದವು. ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಸ್ಟಮ್ಸ್ ಇಲಾಖೆಗೂ ಬರೆದ ಪತ್ರಗಳ ಕಡತವೇ ಎರಡು ಅಂಗುಲ ದಪ್ಪವಾಗಿತ್ತು. ಡೆಮರೇಜು, ಹಡಗು ಕಂಪನಿಯ ಡಿಟೆನ್ಷನ್, ಮರಳಿ ಸಾಗಣೆ, ದಂಡ ಎಲ್ಲವೂ ಸೇರಿ ಸರಕಿನ ಬೆಲೆಯ ಎರಡು ಪಟ್ಟು ದಾಟಿತು. ಮಾರಾಟಗಾರನ ದೂರವಾಣಿ ಎರಡನೆಯ ವಾರದಿಂದಲೇ ಮೌನವಾಗಿತ್ತು. ಅವರು ಆ ವರ್ಷ ಎರಡನೆಯ ಪಾಳಿಯನ್ನು ನಿಲ್ಲಿಸಿ 11 ಮಂದಿಯನ್ನು ಮನೆಗೆ ಕಳುಹಿಸಬೇಕಾಯಿತು. ಈಗ ಬಹುಪಾಲು ರದ್ದಿಯನ್ನು ಬೆಂಗಳೂರಿನ ಸಂಗ್ರಹಕಾರರಿಂದಲೇ ಕೊಳ್ಳುತ್ತಾರೆ. ದರ ಹೆಚ್ಚು, ಆದರೆ ಬೇಲನ್ನು ಬಿಚ್ಚಿ ನೋಡಬಹುದು.

ಕಳೆದ ತಿಂಗಳು ಅವರಿಗೆ ಮತ್ತೊಂದು ಪರದೇಶದ ದರಪಟ್ಟಿ ಬಂತು. ಈ ಬಾರಿ ಹಣ ಕಳುಹಿಸುವ ಮೊದಲೇ ನನ್ನ ಮೇಜಿನ ಮೇಲಿಟ್ಟರು. ಮಾದರಿಯೆಂದು ಲಗತ್ತಿಸಿದ್ದ ತಪಾಸಣೆಯ ಪ್ರಮಾಣಪತ್ರದ ದಿನಾಂಕವು ಪ್ಯಾಕಿಂಗ್ ಪಟ್ಟಿಯಲ್ಲಿದ್ದ ತುಂಬಿದ ದಿನಾಂಕಕ್ಕಿಂತ ಎರಡು ದಿನ ಮುಂಚಿನದಾಗಿತ್ತು. ಸೀಲಿನ ಸಂಖ್ಯೆಯ ಜಾಗ ಖಾಲಿಯಿತ್ತು. ಇದೇಕೆ ಹೀಗೆಂದು ಬರೆದು ಕೇಳಿರೆಂದೆ. ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.